ಒಂದು ಹಳದಿ ಗುಳಿಗೆ

ಹಳದಿ, ಹಳದಿ, ಹಳದಿ, ಬಿಳಿ ಪಟ್ಟಿಯ ಮೇಲೆ ಹಳದಿ ಗುಳಿಗೆಗಳು ಮೆರವಣಿಗೆ ಹೊರಟಿವೆ, ಕೆಳಗಿನಿಂದ ದೀಪ, ಮೇಲಿನಿಂದ ದೀಪ, ನಡುವೆ ನನ್ನ ಎರಡು ಕೈ — ಒಡೆದದ್ದನ್ನು ಆರಿಸು, ಕಲೆ ಬಿದ್ದದ್ದನ್ನು ಆರಿಸು, ತಟ್ಟೆಗೆ ಹಾಕು, ಉಳಿದದ್ದು ಮುಂದೆ ಹೋಗಿ ಬಾಟಲಿಗೆ ಬೀಳುತ್ತದೆ, ಬಾಟಲಿ ಡಬ್ಬಿಗೆ, ಡಬ್ಬಿ ಹಡಗಿಗೆ, ಹಡಗು ಯಾವ ದೇಶಕ್ಕೋ, ಜೋಳ ಹಸನು ಮಾಡಿದಷ್ಟೇ ಕೆಲಸ ಇದು, ಜೋಳದಲ್ಲಿ ಹರಳು ಸಿಕ್ಕರೆ ಯಾರದೋ ಹಲ್ಲು ಉಳಿಯಿತು ಎಂದಾದರೂ ಅನಿಸುತ್ತಿತ್ತು, ಇಲ್ಲಿ ಅದೂ ಇಲ್ಲ. ಮಾಸ್ಕಿನ ಒಳಗೂ ಆ ವಾಸನೆ, ವಿಟಮಿನ್ನಿನ ವಾಸನೆ, ಹಿಟ್ಟು ಹುಳಿ ಬಂದ ಹಾಗೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಊಟ ಸೇರುತ್ತಿರಲಿಲ್ಲ, ಈಗ ಕೂದಲಲ್ಲೇ ಸೇರಿಕೊಂಡಿದೆ, ಮನೆಗೆ ಹೋದರೆ ಮುತ್ತು ಮೂಗು ಹತ್ತಿರ ತಂದು, ಬಂತ ನೋಡ ಟಾನಿಕ್ಕಿನ ಬಾಟ್ಲಿ, ಅನ್ನುತ್ತಿದ್ದ. ಮುತ್ತು. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು, ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದಾಗಲೂ ನಾನು ಅತ್ತೆಯ ಮುಖ ನೋಡಿದೆ, ಅವಳೇ ಹೇಳಿದಳು, ಆದರೆ ಮನಸ್ಸಿನಲ್ಲಿ ಹೇಳಿಕೊಂಡರೆ ಯಾರಿಗೆ ಕೇಳುತ್ತದೆ, ಎದುರಿಗೆ ರೀ, ಒಳಗೆ ಮುತ್ತು, ಮುತ್ತು, ಮುತ್ತು. ನಿನ್ನೆ ಸಂಜೆ ಆಕ್ಸಿಜನ್ನಿನ ಮುಖವಾಡ ಸರಿಸಿ ಒಂದೇ ಮಾತು ಹೇಳಿದ — ಅಂಬಿ, ಒಂದ ಗುಳಿಗಿ ತಾರ, ಹಳದೀದು, ನೀ ಆರಸ್ತೀಯಲ್ಲ ಅದ. ಒಂದು ಗುಳಿಗೆ. ದಿನವೂ ಲಕ್ಷಗಟ್ಟಲೆ ನನ್ನ ಕೈಕೆಳಗೆ ಹೋಗುತ್ತವೆ, ಅದರಲ್ಲಿ ಒಂದು, ಆದರೆ ಗೇಟಿನಲ್ಲಿ ಕೇಸರಿಬಾಯಿ ಮೈ ಮುಟ್ಟಿ ನೋಡಿಯೇ ಹೊರಗೆ ಬಿಡುವುದು, ಒಂದು ಸಿಕ್ಕರೂ ಅವತ್ತೇ ಕೆಲಸ ಹೋಯಿತು, ಕೊರ್ಲಿಮ್‌ನಿಂದ ಬರುತ್ತಿದ್ದ ಒಬ್ಬಳನ್ನು ಹಾಗೇ ತೆಗೆದರು, ಅವಳು ಗೇಟಿನ ಹೊರಗೆ ನಿಂತು ಅಳುವುದನ್ನು ನಾವೆಲ್ಲ ಕಂಪನಿ ಬಸ್ಸಿನ ಕಿಟಕಿಯಿಂದ ನೋಡಿದೆವು.

ಎದುರಿಗೆ ಸಕೀನಾ, ಟೋಪಿ ಮಾಸ್ಕಿನ ನಡುವೆ ಅವಳ ಕಣ್ಣು ಮಾತ್ರ ಕಾಣುತ್ತದೆ, ಕಣ್ಣಲ್ಲೇ ಕೇಳುತ್ತಾಳೆ, ಹೆಂಗದಾರ, ನಾನೂ ಕಣ್ಣಲ್ಲೇ, ಅದಾರ, ಅನ್ನುತ್ತೇನೆ, ಅದಾರ ಅನ್ನುವುದಕ್ಕಿಂತ ಹೆಚ್ಚಿಗೆ ಹೇಳುವುದು ಏನೂ ಇಲ್ಲ. ಫೋನು ಲಾಕರಿನಲ್ಲಿದೆ, ಒಳಗೆ ತರುವಂತಿಲ್ಲ, ಅದು ಆ ಕಬ್ಬಿಣದ ಗೂಡಿನಲ್ಲಿ ಈಗ ಬಡಿದುಕೊಳ್ಳುತ್ತಿದ್ದರೆ, ಇಲ್ಲ, ಅತ್ತೆಗೆ ಫೋನು ಹಚ್ಚಲು ಬರುವುದಿಲ್ಲ, ಪಕ್ಕದ ಹಾಸಿಗೆಯವರಿಗೆ ಹೇಳಬೇಕು, ಅವರ ಕೈಗೆ ನಮ್ಮ ಸೂಪರ್‌ವೈಸರ್ ಪ್ರಾಚಿ ಮೇಡಂ ನಂಬರು ಬರೆದುಕೊಟ್ಟು ಬಂದಿದ್ದೇನೆ, ಹಾಗಾಗಿ ಪ್ರಾಚಿ ಮೇಡಂ ಗಾಜಿನ ಕೋಣೆಯಿಂದ ಎದ್ದಾಗಲೆಲ್ಲ ನನ್ನ ಕೈ ಪಟ್ಟಿಯ ಮೇಲೇ ನಿಂತುಬಿಡುತ್ತದೆ, ಅವಳು ನೀರು ಕುಡಿಯಲು ಎದ್ದರೂ. ನೀ ಹೋಗವಾ ಡ್ಯೂಟಿಗೆ, ಇಲ್ಲೆ ಒಬ್ರನ್ನ ಬಿಡತಾರ, ನನ್ನ ಮಗನ್ನ ನಾ ನೋಡ್ಕೋತೇನಿ — ಅತ್ತೆ ಹುಲಿಗೆವ್ವ ನನ್ನನ್ನು ಹೆಚ್ಚುಕಡಿಮೆ ನೂಕಿದಳು, ಅವಳಿಗೆ ನನ್ನ ಮುಖ ನೋಡಲು ಆಗುತ್ತಿಲ್ಲ, ನನಗೆ ಅವಳದು. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಭಂಡಾರದ ಚೀಲದಿಂದ ಚಿಟಿಕೆ ತೆಗೆದು ಮಗನ ಹಣೆಗೆ ಹಚ್ಚುತ್ತಾಳೆ, ನರ್ಸು ಒರೆಸುತ್ತಾಳೆ, ಇವಳು ಮತ್ತೆ ಹಚ್ಚುತ್ತಾಳೆ, ಅದೂ ಹಳದಿಯೇ. ಇಬ್ಬರೂ ದಣಿಯುವುದಿಲ್ಲ.

ಮೊದಲು ಮುತ್ತುವೇ ಮೈಯೆಲ್ಲ ಬಿಳಿಯಾಗಿ ಮನೆಗೆ ಬರುತ್ತಿದ್ದ, ಟೈಲ್ಸ್ ಕೂರಿಸುವವನು, ಕಟರ್ ಹಿಡಿದು ಕೊಯ್ಯುವವನು, ಸಾಂಕೋಲೆಯ ಗುಡ್ಡದ ಮೇಲೆ ಎದ್ದ ಫ್ಲ್ಯಾಟುಗಳಲ್ಲಿ ಅವನು ಟೈಲ್ಸ್ ಕೂರಿಸದ ಬಚ್ಚಲೇ ಕಡಿಮೆ, ಸಂಜೆ ರೆಪ್ಪೆಯ ಮೇಲೂ ಪುಡಿ, ಕಿವಿಯೊಳಗೂ ಪುಡಿ, ಬಟ್ಟೆಯಿಂದ ಬಾಯಿ ಕಟ್ಟಿಕೊಳ್ಳಿ ಅಂದರೆ, ಉಸ್ರ ಕಟ್ಟತೈತಿ ಮಾರಾಯ್ತಿ, ಅನ್ನುತ್ತಿದ್ದ, ಈಗ ಮುಖಕ್ಕೆ ಪ್ಲಾಸ್ಟಿಕ್ ಕಟ್ಟಿ ಉಸಿರು ತುಂಬುತ್ತಿದ್ದಾರೆ. ಸೈಟಿನಲ್ಲಿ ಉಳಿದ ತುಂಡುಗಳನ್ನು ಒಂದೊಂದಾಗಿ ತಂದು ನಮ್ಮ ಬಾಡಿಗೆ ಖೋಲಿಯ ಬಚ್ಚಲಿಗೆ ಕೂರಿಸಿದ, ಒಂದು ದೊಡ್ಡದು, ಒಂದು ಸಣ್ಣದು, ಒಂದಕ್ಕೆ ಮೂಲೆಯಿಲ್ಲ, ಆದರೆ ಎಲ್ಲ ಬಿಳಿ, ಖೋಲಿಗಳ ಸಾಲಿನಲ್ಲಿ ಯಾರ ಬಚ್ಚಲಿಗೂ ಇಲ್ಲದ ಬಿಳಿ, ನಾನು ಬ್ರಷ್ ಹಾಕಿ ಉಜ್ಜುತ್ತಿದ್ದೆ, ಅವನು ಬಾಗಿಲಲ್ಲಿ ನಿಂತು, ಸಾವಕಾಶ ಉಜ್ಜ, ಹೊಳಪ ಹೋಗತೈತಿ. ಆಮೇಲೆ ಕೆಮ್ಮು, ಮೊದಲು ಧೂಳಿನ ಕೆಮ್ಮು ಅಂದೆವು, ಆಮೇಲೆ ಸಂಜೆಯ ಜ್ವರ, ಆಮೇಲೆ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹಗ್ಗ ಕಟ್ಟಿಕೊಂಡ, ಆಮೇಲೆ ಕಫದಲ್ಲಿ ರಕ್ತ, ಸರ್ಕಾರಿ ದವಾಖಾನೆಯಲ್ಲಿ ಟೀಬಿ ಅಂದರು. ನರ್ಸಮ್ಮ ಚೊಕ್ಕಾಗಿ ಹೇಳಿದ್ದಳು, ತನ್ನ ಹಿಂದಿಯಲ್ಲಿ, ನಮಗೂ ಬರುವ ಹಿಂದಿಯಲ್ಲಿ — ಪೇಶಾಬ್ ಲಾಲ್ ಆಯೇಗಾ, ಡರನಾ ನಹೀ, ಉಚ್ಚೆ ಕೆಂಪಾಗುತ್ತದೆ, ಹೆದರಬೇಡಿ, ಅದು ರಕ್ತ ಅಲ್ಲ, ಔಷಧದ ಬಣ್ಣ, ಆರು ತಿಂಗಳು ಒಂದು ದಿನವೂ ಬಿಡಬೇಡಿ, ಜತೆಗೆ ಚೆನ್ನಾಗಿ ಊಟ ಮಾಡಿ, ಮೊಟ್ಟೆ ತಿನ್ನಿ, ಬೇಳೆ ತಿನ್ನಿ. ಇಬ್ಬರೂ ತಲೆಯಾಡಿಸಿದೆವು, ತಿಳಿಯಿತು ಅಂದೆವು, ನಿಜವಾಗಿಯೂ ತಿಳಿದಿತ್ತು, ಆದರೆ ತಿಳಿಯುವುದು ಬೇರೆ, ಬೆಳಿಗ್ಗೆ ಎದ್ದು ಬಿಳಿ ಟೈಲಿನ ಮೇಲೆ ತನ್ನದೇ ಉಚ್ಚೆ ಕೆಂಪಾಗಿ ಹರಿಯುವುದನ್ನು ನೋಡುವುದು ಬೇರೆ.

ನಮ್ಮ ಕಡೆ ಉಚ್ಚೆ ಕೆಂಪಾದರೆ ಮೈಗೆ ಕಾವು ಹತ್ತಿದೆ ಅಂತಲೇ ಅರ್ಥ, ಹುಟ್ಟಿದಾಗಿನಿಂದ ಕೇಳಿದ್ದು, ನೆತ್ತಿಗೆ ಹರಳೆಣ್ಣೆ, ಕುಡಿಯಲು ಮಜ್ಜಿಗೆ, ಬಿಸಿಲಿಗೆ ಹೋಗಬೇಡ — ಅವನ ಅವ್ವ ಎರಡು ದಿನ ಬಂದು ಇದ್ದಾಗ ಬಚ್ಚಲು ನೋಡಿ ಎದೆ ಬಡಿದುಕೊಂಡಳು, ಏನ ಗುಳಿಗಿ ಕೊಟ್ಟಾರವಾ ಇವು, ಕೂಸಿನ ರಕ್ತಾನ ಕುದಿಸಿ ಹೊರಗ ಹಾಕಾಕತ್ತಾವು. ನಾನು ಅಂದೆ, ಔಷಧದ ಬಣ್ಣ ಐತ್ರಿ ಅತ್ತಿ, ನರ್ಸು ಹೇಳ್ಯಾಳ್ರಿ. ಅತ್ತೆ ಅಂದಳು, ನರ್ಸ್ ಏನ್ ಬಚ್ಚಲಾ ತೊಳ್ಯಾಕ ಬರತಾಳೇನು. ಮುತ್ತು ಟೈಲು ನೋಡುತ್ತಿದ್ದ, ಮೊದಮೊದಲು ಒಂದು ತಂಬಿಗೆ ನೀರು ಹಾಕುತ್ತಿದ್ದವನು ಎರಡು ಹಾಕುತ್ತಿದ್ದ, ಮೂರು ಹಾಕುತ್ತಿದ್ದ, ನನಗೆ ಕಾಣಬಾರದೆಂದು. ಆದರೂ ತಿನ್ನುತ್ತಿದ್ದ, ನನ್ನ ಮುಂದೆ ಬಾಯಿಗೆ ಹಾಕಿ ನೀರು ಕುಡಿಯುತ್ತಿದ್ದ, ತಿಂಗಳು ಕಳೆಯುವುದರೊಳಗೆ ಜ್ವರ ನಿಂತಿತು, ಊಟ ಸೇರಿತು, ಇನ್ನೊಂದು ರೊಟ್ಟಿ ಕೊಡ ಅಂದ, ರೊಟ್ಟಿ ಬಡಿಯುತ್ತ ನಾನು ಗೋಡೆಯ ಕಡೆ ತಿರುಗಿ ಕಣ್ಣೀರು ಹಾಕಿದೆ, ಖುಷಿಗೆ. ಅಲ್ಲಿಗೇ ಎಲ್ಲ ನಿಲ್ಲಬಾರದಿತ್ತೇ. ಅದೇ ತಿಂಗಳು ಸಂಗಣ್ಣ ಸಿಕ್ಕ.

ಸಂಗಣ್ಣ, ನಮ್ಮ ಕುಷ್ಟಗಿ ಕಡೆಯವನೇ, ಇಲ್ಲಿ ವೆರ್ಣಾದಲ್ಲಿ ವೆಲ್ಡರ್ ಆಗಿದ್ದವನು, ಬೆನ್ನು ನೋವಿಗೆ ಊರೆಲ್ಲ ಸುತ್ತಿ ಕೊನೆಗೆ ಯಾವುದೋ ಪೌಡರು ಕುಡಿದು ಗುಣವಾದೆ ಅಂತ ವೆಲ್ಡಿಂಗ್ ಬಿಟ್ಟು ತನ್ನ ಖೋಲಿಯನ್ನೇ ಆರೋಗ್ಯ ಕ್ಲಬ್ ಮಾಡಿಬಿಟ್ಟ, ಗೋಡೆಗೆ ತರಕಾರಿ ತಟ್ಟೆಯ ಚಿತ್ರ, ಮೂಲೆಯಲ್ಲಿ ಮಿಕ್ಸರು, ನಡುವೆ ಒಂದು ತೂಕದ ಯಂತ್ರ, ಅದರ ಮೇಲೆ ಬರಿಗಾಲಲ್ಲಿ ನಿಂತರೆ ಅದು ತೂಕವನ್ನಷ್ಟೇ ಅಲ್ಲ, ಮೈಯ ವಯಸ್ಸನ್ನೂ ಹೇಳುತ್ತದೆ. ನಲವತ್ತು ಮುಟ್ಟದ ನನ್ನ ಗಂಡನಿಗೆ ಯಂತ್ರ ಅರವತ್ತು ಅಂದಿತಂತೆ, ಮನೆಗೆ ಬಂದು ನಗುತ್ತಲೇ ಹೇಳಿದ, ಅಂಬಿ, ಮುದುಕನ್ನ ಮಾಡ್ಕೊಂಡಿ ನೋಡ, ನಾನೂ, ಹಂಗಾರ ಪಿಂಚಣಿ ಮಾಡಸೂಣ ಬಿಡ್ರಿ, ಅಂದೆ, ನಗು ಇತ್ತು ಆಗ ಮನೆಯಲ್ಲಿ. ಸಂಗಣ್ಣ ಮೋಸಗಾರನಾಗಿದ್ದರೆ ಬಯ್ಯಲು ಎಷ್ಟು ಸುಲಭವಾಗುತ್ತಿತ್ತು, ಅವನು ಮೋಸಗಾರನಲ್ಲ, ತಾನೂ ಅದನ್ನೇ ಕುಡಿಯುತ್ತಾನೆ, ತನ್ನ ಹೆಂಡತಿಗೂ ಅದನ್ನೇ ಕುಡಿಸುತ್ತಾನೆ, ಮಾತಾಡುವಾಗ ಅವನ ಕಣ್ಣಲ್ಲಿ ನೀರು ಬರುತ್ತದೆ — ಡಾಕ್ಟ್ರು ರೋಗಕ್ಕ ಔಷಧ ಕೊಡತಾರ ತಮ್ಮಾ, ನಾವು ಮೈಗೆ ಕೊಡತೇವಿ, ಮೈ ಗಟ್ಟಿ ಆತಂದ್ರ ರೋಗ ತಾನಾಗೇ ಗಂಟುಮೂಟಿ ಕಟ್ಟತೈತಿ, ನರ್ಸೂ ನಿನಗ ಉಣ್ಣು ಅಂತಾನ ಹೇಳ್ಯಾಳಿಲ್ಲೋ, ಅವ್ರು ಕೊಟ್ಟ ಗುಳಿಗ್ಯಾಗ ಆ ಸಣ್ಣದೈತಲ್ಲ ಅದೂ ವಿಟಮಿನ್ನ, ಕೇಳಿ ನೋಡ ಬೇಕಾರ. ನರ್ಸನ್ನು ಕೇಳಿದೆ, ಹೌದು, ಅದು ವಿಟಮಿನ್ನೇ ಆಗಿತ್ತು, ದೊಡ್ಡ ಗುಳಿಗೆಗಳಿಂದ ನರಕ್ಕೆ ತೊಂದರೆಯಾಗದಿರಲಿ ಎಂದು ಕೊಡುವುದು, ಆದರೆ ಈ ಉತ್ತರದ ಮೊದಲರ್ಧ ಮಾತ್ರ ಮುತ್ತುವಿನ ಕಿವಿಗೆ ಬಿತ್ತು. ಮತ್ತ ನಿನ್ನ ಹೇಣ್ತಿ ಕಂಪನಿ ಮಾಲ ಹೊರದೇಶಕ್ಕ ಹೋಗತೈತಿ, ಅಲ್ಲಿ ಮಂದಿಗೇನ್ ಹುಚ್ಚ ಹಿಡದೈತೇನು ಸುಮ್‌ಸುಮ್ಮನ ತಿನ್ನಾಕ, ಅಂತ ಸಂಗಣ್ಣ ಅಂದಾಗ ಮುತ್ತು ನನ್ನ ಕಡೆ ಹೇಗೆ ನೋಡಿದ, ನಾನೇ ಆ ದೇಶವನ್ನೆಲ್ಲ ಬದುಕಿಸುತ್ತಿರುವವಳು ಎಂಬಂತೆ, ಮದುವೆಯಲ್ಲೂ ಹಾಗೆ ನೋಡಿರಲಿಲ್ಲ. ಅವತ್ತಿನಿಂದ ಅದೊಂದು ಆಟವಾಯಿತು, ಊರಿಗೆಲ್ಲಾ ಹಂಚತಿ, ಗಂಡಗ ಒಂದ ತರಬಾರದೇನು, ಅಂತ ಅವನು, ಗೇಟಿನ್ಯಾಗ ಹಿಡೀತಾರ್ರಿ, ಅಂತ ನಾನು, ಹಿಡದ್ರ ಹಿಡೀಲಿ, ಗಂಡನ್ನ ಉಳಸಾಕ ಕದ್ದೇನಿ ಅನ್ನ. ನಾನು ತರಲಿಲ್ಲ, ಸಂಗಣ್ಣನ ಪೌಡರು ಕುಡಿದ, ಅವನ ಡಬ್ಬಿಯ ಹಳದಿ ಗುಳಿಗೆಯನ್ನೇ ತಿಂದ.

ಮತ್ತೆ ಆ ಬೆಳಿಗ್ಗೆ. ಎಷ್ಟು ಬೇಡವೆಂದರೂ ಅಲ್ಲಿಗೇ ಬರುತ್ತದೆ, ಪಟ್ಟಿ ಸುತ್ತಿ ಸುತ್ತಿ ಬಂದಂತೆ — ಬಚ್ಚಲಿನಿಂದ ಕೂಗು, ಅಂಬೀ, ಬಾ ಇಲ್ಲೆ, ಲಗೂ ಬಾ, ಬಿದ್ದನೇನೋ ಅಂತ ನಾನು ಹಿಟ್ಟಿನ ಕೈಯಲ್ಲೇ ಓಡಿದೆ, ಅವನು ಲುಂಗಿ ಎತ್ತಿ ಕಟ್ಟಿಕೊಂಡು ನಿಂತಿದ್ದ, ನಾಚಿಕೆಯಿಲ್ಲ, ನೀರು ಹಾಕಿರಲಿಲ್ಲ, ಬಿಳಿ ಟೈಲಿನ ಮೇಲೆ ಹಳದಿ, ಎಂಥ ಹಳದಿ, ಸಂಡಿಗೆ ಒಣಹಾಕುವ ಬಿಸಿಲಿನಂಥ ಹಳದಿ, ಹೊಳೆಯುತ್ತಿತ್ತು, ಮೂಲೆಯಿಲ್ಲದ ಆ ತುಂಡಿನ ಮೇಲಿಂದ ಹರಿದು ಸಣ್ಣ ತುಂಡಿನ ಮೇಲೆ ನಿಂತಿತ್ತು, ನೋಡ ಅಂಬಿ, ಬಂಗಾರ, ಕೆಂಪೆಲ್ಲಾ ಹೋತು, ಖರೇ ಬಂಗಾರ, ಅಂತ ನಕ್ಕ, ಬಾಯಿ ತುಂಬ ನಕ್ಕ, ಕೆಮ್ಮದೆ ನಕ್ಕ, ನಾನೂ ನಕ್ಕೆ. ನಮ್ಮ ಕಂಪನಿಯ ಒಳಗೆ ಎಲ್ಲರಿಗೂ ಗೊತ್ತು, ಪ್ರಾಚಿ ಮೇಡಂ ಹೊಸಬರಿಗೆ ನಗಾಡುತ್ತಲೇ ಹೇಳುತ್ತಾಳೆ, ವಿಟಮಿನ್ನಲ್ಲಿ ಮೈಗೆ ಬೇಡದ್ದು ಹಳದಿಯಾಗಿ ಹೊರಗೆ ಹೋಗ್ತದೆ ಗೋ, ತಿಂದದ್ದರಲ್ಲಿ ಮುಕ್ಕಾಲು ಗಟಾರಕ್ಕೆ. ಅದನ್ನು ಅವನಿಗೆ ಹೇಳಿದೆ ಕೂಡ, ಅವನು, ಗಟಾರಕ್ಕ ಹೋಗೂದು ಕೆಂಪಿಗಿಂತ ಚಲೋ ಐತಿಲ್ಲ, ಅಂದ. ಅವನ ಕೆಂಪು ಯಾಕೆ ಹೋಯಿತು ಎಂದು ಆಗ ಕೇಳಬೇಕಿತ್ತು, ಕೆಂಪು ಗುಳಿಗೆ ತಿನ್ನುವವನಿಗೆ ಕೆಂಪೇ ಬರಬೇಕಲ್ಲ, ಆದರೆ ನಗುತ್ತಿರುವ ಮನುಷ್ಯನನ್ನು ಯಾರು ತಡೆದು ನಿಲ್ಲಿಸಿ ಲೆಕ್ಕ ಕೇಳುತ್ತಾರೆ. ಯಂತ್ರವೂ ನಕ್ಕಿತು, ವಯಸ್ಸು ಇಳಿಸಿತು, ತೂಕ ಏರಿಸಿತು, ಏರಿಸಿದ್ದು ದವಾಖಾನೆಯ ಗುಳಿಗೆ, ಹೆಸರು ಬಂದದ್ದು ಪೌಡರಿಗೆ, ಎರಡೂ ಒಂದೇ ತಿಂಗಳಲ್ಲಿ ಮನೆಗೆ ಬಂದಿದ್ದವಲ್ಲ.

ಆ ಪೌಡರಿನ ಖಾಲಿ ಡಬ್ಬಿ, ಗಟ್ಟಿ ಡಬ್ಬಿ, ಅಗಲ ಬಾಯಿ, ನಮ್ಮಲ್ಲಿ ಯಾರು ಅಂಥದ್ದನ್ನು ಎಸೆಯುತ್ತಾರೆ, ಶೇಂಗಾ ಚಟ್ನಿ ಹಾಕಿಡಬೇಕೆಂದು ಮೇಲಿನಿಂದ ಇಳಿಸಿದೆ, ಒಳಗೆ ಸದ್ದಾಯಿತು, ಮುಚ್ಚಳ ತೆಗೆದರೆ ಗುಳಿಗೆ, ಕೆಂಪು ಗುಳಿಗೆ, ಕವರಿನ ಸಮೇತ, ಕತ್ತರಿಸಿ ಜೋಡಿಸಿಟ್ಟ ಹಾಗೆ, ಟೈಲು ಜೋಡಿಸಿದ ಹಾಗೆ. ತಿನ್ನುವುದು ಬಿಟ್ಟು ಕೂಡಿಟ್ಟಿದ್ದ, ಎಸೆದಿರಲಿಲ್ಲ. ಸರ್ಕಾರದ ಮಾಲ, ಬಡವ್ರಿಗೆ ಕೊಡೂದು, ಹೆಂಗ ಚೆಲ್ಲೂದು ಅಂಬಿ, ಅಂದ, ಅದಕ್ಕೆ ನಾನು ಕೂಗಿದ ಕೂಗಿಗೆ ಸಾಲೆಲ್ಲ ಬಾಗಿಲಿಗೆ ಬಂತು. ಅಷ್ಟರಲ್ಲಿ ಕೆಮ್ಮು ತಿರುಗಿ ಬಂದಿತ್ತು, ಅದಕ್ಕೇ ಸಂಗಣ್ಣ, ಒಳಗಿನ ಹೊಲಸ ಹೊರಗ ಬರಾಕತ್ತೈತಿ, ಹೆದರಬ್ಯಾಡ, ಅಂದಿದ್ದನಂತೆ, ಇನ್ನೊಂದು ಡಬ್ಬಿ ಕೊಟ್ಟಿದ್ದನಂತೆ. ಹಳೆಯ ಗುಳಿಗೆ ಮತ್ತೆ ಶುರು ಮಾಡಿದೆವು, ನಾನೇ ಬಾಯಿಗೆ ಹಾಕಿದೆ, ನುಂಗುವವರೆಗೆ ಗಂಟಲು ನೋಡುತ್ತ ನಿಂತೆ, ಉಚ್ಚೆ ಮತ್ತೆ ಕೆಂಪಾಯಿತು, ಈ ಸಲ ಕೆಂಪಾದದ್ದೊಂದೇ ಆದದ್ದು. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು, ನಡುವೆ ಬಿಟ್ಟಿದ್ದಕ್ಕೆ ಆ ಗುಳಿಗೆ ಈಗ ಈ ರೋಗಕ್ಕೆ ನಾಟುವುದಿಲ್ಲವಂತೆ, ಬೇರೆಯದು ಹಾಕುತ್ತೇವೆ, ಆದರೆ ಎರಡೂ ಕಡೆಯ ಎದೆಯಲ್ಲಿ ಉಳಿದಿರುವುದೇ ಕಡಿಮೆ, ಧೂಳು ಬೇರೆ ತಿಂದಿದೆ, ನೀವು ತಡ ಮಾಡಿದಿರಿ. ನೀವು ಅಂದರೆ ಯಾರು. ಸಂಗಣ್ಣ ನೋಡಲು ಬಂದಿದ್ದ, ಕೈಯಲ್ಲಿ ಡಬ್ಬಿ ಹಿಡಿದೇ ಬಂದಿದ್ದ, ವಾರ್ಡಿನ ಬಾಗಿಲಲ್ಲಿ ನಿಂತು ಹುಡುಗರಂತೆ ಅತ್ತ, ಪೂರ್ತಿ ಕೋರ್ಸ್ ಮಾಡಿದ್ರ ಹಿಂಗ ಆಗ್ತಿದ್ದಿಲ್ಲ ತಂಗಿ, ಅಂದ, ಯಾವ ಕೋರ್ಸ್ ಅಂತಿ ಅಣ್ಣಾ, ಅಂತ ಕೇಳಿದೆ, ಅವನು ತನ್ನ ಡಬ್ಬಿಯನ್ನೇ ನೋಡಿದ. ಅತ್ತೆ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ಹಣೆಗೆ ಒತ್ತಿಕೊಂಡಳು.

ಅಂಬಿಕಾ, ಲಕ್ಷ್ಯ ಎಲ್ಲಿದೆ ನಿಂದು, ಒಡೆದದ್ದು ಹೋಗ್ತಾ ಉಂಟು — ಪ್ರಾಚಿ ಮೇಡಂ, ಹೌದು, ಒಡೆದದ್ದು ಹೋಗುತ್ತಿದೆ, ಹೋಗಲಿ, ಯಾವ ದೇಶದವನೋ ಅರ್ಧ ಗುಳಿಗೆ ತಿಂದರೆ ಏನೂ ಆಗುವುದಿಲ್ಲ, ಪೂರ್ತಿ ತಿಂದರೂ ಆಗುವುದಿಲ್ಲ, ಇದರಲ್ಲಿ ಏನೂ ಇಲ್ಲ ಅನ್ನುವವಳಲ್ಲ ನಾನು, ಉಣ್ಣಲು ಇಲ್ಲದವನಿಗೆ ಇದೂ ಅನ್ನವೇ ಇರಬಹುದು, ಆದರೆ ಬೆಂಕಿ ಬಿದ್ದ ಮನೆಯಲ್ಲಿ ಒಲೆ ಹಚ್ಚಿ ಏನು ಮಾಡುವುದು. ಅವನ ಹಾಸಿಗೆಯ ಪಕ್ಕಕ್ಕೆ ಉಚ್ಚೆಯ ಚೀಲ ನೇತುಹಾಕಿದ್ದಾರೆ, ಹೊಸ ಔಷಧಕ್ಕೆ ಅದು ಮತ್ತೆ ಕೆಂಪು, ಮೈಯೂ ಕಂದಿದೆ, ಅವನು ಕತ್ತು ಹೊರಳಿಸಿ ಅದನ್ನೇ ನೋಡುತ್ತಾನೆ, ನನ್ನನ್ನಲ್ಲ, ಅವ್ವನನ್ನಲ್ಲ, ಚೀಲವನ್ನು, ನಿನ್ನೆಯೂ ಅದನ್ನೇ ನೋಡುತ್ತ ಕೇಳಿದ್ದು, ಒಂದ ಗುಳಿಗಿ ತಾರ. ಇನ್ನೂ ನಂಬುತ್ತಾನೆ. ಅಂಗಡಿಯಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ತಂದಿದ್ದೆ ಮೊನ್ನೆ, ಬೆರಳಲ್ಲಿ ತಿರುಗಿಸಿ ನೋಡಿ ತಲೆಯಾಡಿಸಿದ, ಇದಲ್ಲ, ನಿನ್ನ ಕೈಯಾಗಿಂದು. ಕೊಟ್ಟರೆ ಸಂಗಣ್ಣ ಗೆದ್ದ ಹಾಗೆ, ಕೊಡದಿದ್ದರೆ ಯಾರು ಗೆದ್ದ ಹಾಗೆ, ಗೆಲ್ಲಲು ಇನ್ನು ಏನು ಉಳಿದಿದೆ ಅಲ್ಲಿ, ನಾಳೆ ಬೆಳಿಗ್ಗೆ ಆ ಚೀಲ ಒಂದು ಸಲ ಹಳದಿಯಾದರೆ ಅವನು ನಗುತ್ತಾನೆ, ಅಷ್ಟೇ, ನಗಲಿ, ಬರೀ ಬಣ್ಣವಾದರೂ ನಗಲಿ. ಸಕೀನಾ ಅತ್ತ ತಿರುಗಿದಳು, ಬೇಕೆಂದೇ ತಿರುಗಿದಳೇನೋ, ಮಣಿಕಟ್ಟು ತುರಿಸಿಕೊಂಡಂತೆ ಮಾಡಿದೆ, ಒಂದು, ಕಲೆಯಿಲ್ಲದ್ದು, ಒಡೆಯದ್ದು, ಕೈಗವಸಿನೊಳಗೆ ಜಾರಿತು, ಅಂಗೈಗೆ ಬಂದು ಕೂತಿತು. ಎಂಥ ಸಣ್ಣದು. ಪಾಳಿ ಮುಗಿದ ಮೇಲೆ ಬಟ್ಟೆ ಬದಲಿಸುವಾಗ ತುರುಬಿನೊಳಗೆ, ಕೇಸರಿಬಾಯಿ ಸೊಂಟ ನೋಡುತ್ತಾಳೆ, ತುರುಬು ಯಾವಾಗಲೂ ಬಿಚ್ಚಿಸುವುದಿಲ್ಲ, ಬಿಚ್ಚಿಸಿದರೆ ಬಿಚ್ಚಿಸಲಿ, ಗಂಡನನ್ನು ಉಳಿಸಲು ಕದ್ದೆ ಅನ್ನುತ್ತೇನೆ, ಅವನೇ ಹೇಳಿಕೊಟ್ಟ ಮಾತು.

ಕೈಗವಸಿನೊಳಗೆ ಬೆವರು, ಎಷ್ಟು ಬೆವರು, ಇಷ್ಟು ತಂಪು ಕೋಣೆಯಲ್ಲಿ ಅಂಗೈಗೆ ಮಾತ್ರ ಬೆವರು, ಗುಳಿಗೆ ಜಾರುತ್ತಿದೆ, ಮೆತ್ತಗಾಗುತ್ತಿದೆ, ಮುಷ್ಟಿ ಸಡಿಲಿಸಬೇಕು, ಸಡಿಲಿಸಿದರೆ ಬೆರಳಿಗೆ ಇಳಿಯುತ್ತದೆ, ಇನ್ನೊಂದು ತಾಸು, ತಡಿ, ಇನ್ನೊಂದು ತಾಸು, ಹಳದಿ, ಹಳದಿ, ಹಳದಿ, ಗಾಜಿನ ಕೋಣೆಯಲ್ಲಿ ಪ್ರಾಚಿ ಮೇಡಂ ಎದ್ದಳು, ನೀರಿಗೆ ಎದ್ದಿರಬೇಕು, ಇಲ್ಲ, ಕಿವಿಗೆ ಫೋನು, ಫೋನು ಇಳಿಸಿದಳು, ನನ್ನ ಕಡೆ ನೋಡಲಿಲ್ಲ, ನೋಡಬಾರದು ಅನ್ನುವ ಹಾಗೆ ನೋಡಲಿಲ್ಲ, ಬರುತ್ತಿದ್ದಾಳೆ, ಯಾವತ್ತೂ ಅಲ್ಲಿಂದಲೇ ಕೂಗುವವಳು ನಡೆದು ಬರುತ್ತಿದ್ದಾಳೆ, ಬೆಲ್ಟು ನಿಲ್ಲಿಸಿದಳು, ಬೆಲ್ಟಿನ ಸದ್ದು ನಿಂತಾಗ ಕಿವಿಗೆ ಇಷ್ಟು ದೊಡ್ಡ ಜಾಗವಿದೆ ಎಂದು ಗೊತ್ತಿರಲಿಲ್ಲ, ಭುಜದ ಮೇಲೆ ಕೈಯಿಟ್ಟಳು. ಅಂಬಿಕಾ, ಬಾ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ಏನಂದ್ರು ಮೇಡಂ. ಬಾ ಮೊದಲು, ಗಾಡಿ ಹೇಳಿದ್ದೇನೆ, ಕೈಗವಸು ತೆಗಿ. ತೆಗೆಯಲೇಬೇಕು, ಈ ಕೋಣೆಯ ಕೈಗವಸು ಹೊರಗೆ ಹೋಗುವಂತಿಲ್ಲ, ಬೆರಳು ಬೆರಳು ಎಳೆದು ತೆಗೆದೆ, ಗುಳಿಗೆ ಇರಲಿಲ್ಲ, ಅಂಗೈ ತುಂಬ ಹಳದಿ ಕೆಸರು, ಅರಿಸಿನ ಹಚ್ಚಿ ಮದುವೆಗೆ ಕೂರಿಸಿದ ಕೈ, ಪ್ರಾಚಿ ಮೇಡಂ ನೋಡಿದಳು, ಸಕೀನಾ ನೋಡಿದಳು, ಬೈಯಬಾರದೇ ಮೇಡಂ, ಕದ್ದೆ, ಬೈಯಿರಿ, ಕೆಲಸ ಬಿಡಿಸಿ, ಬೈದರೆ ಅವನು ಇದ್ದಾನೆ ಅಂತ ಅರ್ಥ, ಅವಳು, ತೊಳ್ಕೋ, ಅಂದಳು, ಅಷ್ಟು ಮೆತ್ತಗೆ ಅಂದಳು. ನಲ್ಲಿ. ಬಿಳಿ ಸಿಂಕು. ನೀರು ಬಿಟ್ಟೆ, ಅಂಗೈಯಿಂದ ಇಳಿದು ಬಿಳಿಯ ಮೇಲೆ ಹರಿಯಿತು, ಮುತ್ತು, ಈ ಸಲ ಬಾಯಿಬಿಟ್ಟೇ ಅಂದೆ, ಮುತ್ತು, ನೀರು ನಿಲ್ಲಿಸಬೇಕು, ಕೈ ಆಡುತ್ತಿಲ್ಲ, ಬಾ ಇಲ್ಲೆ ಅಂಬಿ, ಲಗೂ ಬಾ, ಬಿಳಿ ಟೈಲು, ಮೂಲೆಯಿಲ್ಲದ ತುಂಡು, ಅದರ ಮೇಲೆ ಹಳದಿ, ನೋಡ, ಬಿಳಿ ಟೈಲಿನ ಮೇಲೆ ಹಳದಿ